ದುಗ್ಗಿಯ ಹೆಸರಲ್ಲಿ ಊಟ ಹಾಕಿದ ಮೇಲೆ

...ಹೀಗೆ ಅಳ್ತಾ ಕೂತ್ರೆ ವಕೀಲರು ಎಂತ ತಿಳ್ಕೊಳ್ತಾರೆ ವರದಾ? ಮಗಳನ್ನ ಕಟುಕರಿಗೆ ಮಾರೋಕೆ ಬಂದಿದ್ದೀಯ ಅಂತಲಾ? ಒಡಹುಟ್ಟಿದ ಅಕ್ಕನಿಗೆ ತಾನೇ ಕೊಡ್ತಿರೋದು! ಕಣ್ಣೊರೆಸ್ಕೋ. ಸುಬ್ಬಕೃಷ್ಣ ವಕೀಲರು ಊಟ ಮುಗಿಸಿದ ಕೂಡಲೇ ಒಳಗೆ ಕರೀತಾರೆ.

ಅವರು ಕೇಳೋದು ಇಷ್ಟೇ. ದತ್ತು ಕೊಡೋನು ತಂದೆ, ಅದಕ್ಕೆ ತಾಯಿ 'ನನ್ನ ಒಪ್ಪಿಗೆ ಇದೆ' ಅನ್ಬೇಕು. ನಿನ್ನ ಗಂಡ ಹೊಸನಗರದಿಂದ ಬರ್ತಾ ಬಸ್ಸಲ್ಲೇ ಒಪ್ಪಿಕೊಂಡು ಆಗಿದೆ. ನಾಲ್ಕು ಹೆಣ್ಣು ಹೆತ್ತ ಚಂದ್ರಯ್ಯನಿಗೆ ಅದೆಂತ ಕಷ್ಟ! ಈಗ ಬೀಡಿ ಸೇದಿ ಬರ್ತೀನಿ ಅಂತ ಹೋಗಿದ್ದಾನೆ. ಬರೀ ಸಹಿ ಸಾಲದಂತೆ, ಮಗೂನ ಕೈಯಾರೆ ಎತ್ತಿ ನನ್ನ ಮಡಿಲಿಗೆ ಹಾಕ್ಬೇಕು. ಒಮ್ಮೆ ಹಾಕಿದ ಮೇಲೆ ವಾಪಸ್ ಕೇಳೋ ಹಾಗಿಲ್ಲ... ಅಯ್ಯೋ, ಮತ್ತೆ ಅಳು!

ಆಮೇಲೆ ಮಗುವಿಗೆ ಹದಿನೈದು ತುಂಬಿರಬಾರದು, ಮದುವೆ ಆಗಿರಬಾರದು. ನಮ್ಮ ಪುಟ್ಟ ಗುತ್ತಿ ಇನ್ನೂ ಆರು ವರ್ಷದವಳು! 'ಹುಡುಗಿಗೆ ಮದುವೆ ಆಗಿದೆಯಾ' ಅಂತ ಮುಖ ಗಂಟು ಹಾಕ್ಕೊಂಡೇ ಕೇಳಿದ್ರು ಮಾರಾಯ್ತಿ. 'ಇಲ್ಲ ಸ್ವಾಮಿ, ಈಗ ಹಾಲುಹಲ್ಲು ಬೀಳ್ತಾ ಇದೆ' ಅಂದೆ. ನಗಲಿಲ್ಲ. ಕಾನೂನು ಓದಿದವರು ನಗೋದಿಲ್ಲ ಅಂತ ಕಾಣ್ತದೆ.

ವಿಧವೆ ತಾನೇ ದತ್ತು ತಗೋಬಹುದಂತೆ. ನಮ್ಮನೆಯವರು ಇದ್ದಿದ್ರೆ ಅವರು ತಗೊಳ್ಳೋದು, ನಾನು ಹೂಂ ಅನ್ನೋದು. ಅವರು ಹೋಗಿದ್ದಕ್ಕೆ ಇಷ್ಟು ಅಧಿಕಾರ ಸಿಕ್ಕಿತು ನೋಡು.

ಉಳಿದಿದ್ದು ಒಂದೇ. ಹೆಣ್ಣುಮಗು ತಗೊಳ್ಳೋರಿಗೆ ಬದುಕಿರೋ ಮಗಳು ಇರಬಾರದು. ಇಲ್ಲ ಅಂದೆ. ನಿನ್ನನ್ನ ಕೇಳಿದ್ರೆ ನೀನೂ ಇಲ್ಲ ಅನ್ನು...

ಯಾಕೆ ಹಾಗೆ ನೋಡ್ತೀಯ? ದುಗ್ಗಿನಾ? ನನ್ನ ಮಗಳು ದುಗ್ಗಿ ಸತ್ತು ಎಷ್ಟು ಕಾಲ ಆಯ್ತು! ಜಾತಿಯಲ್ಲದ ಆ ಸಾಗರದ ಡ್ರೈವರ್ ಜೊತೆ ಓಡಿಹೋದ ವಾರಕ್ಕೇ ತಲೆ ಮೇಲೆ ನೀರು ಹೊಯ್ಕೊಂಡೆ. ಹನ್ನೊಂದನೇ ದಿನದ ಊಟ ಹಾಕ್ಸಿದೆ. ವಡೆ ಸುಟ್ಟಿದ್ದು ನೀನು. ನಿನ್ನ ಗಂಡ ಎರಡು ಸಲ ಪಾಯಸ ಹಾಕಿಸ್ಕೊಂಡ. ಬದುಕಿರೋರ ತಿಥಿಯೂಟ ಯಾರಾದ್ರೂ ಉಣ್ತಾರಾ?

ಏನು? ...ಹೌದು, ಸಾಗರದಲ್ಲಿ ಸಂಸಾರ ಮಾಡ್ಕೊಂಡು ಚೆನ್ನಾಗಿದ್ದಾಳೆ ಅಂತ ನಿನಗೆ ಹೇಳಿದ್ದು ನಾನೇ. ಹೋದ ಗೌರಿ ಹಬ್ಬದಲ್ಲೂ ಹೇಳಿದ್ದೆ. ಅದೀಗ ಎಂತಕ್ಕೆ? ಸುಳ್ಳು ಹೇಳಿದ ಹಾಗಾಗ್ತದೆ ಅಂತ ನೀನು ಹೆದರ್ಬೇಡ. ವಕೀಲರೂ ನಿನ್ನ ಹಾಗೇ ಹಟ ಹಿಡಿದ್ರು. 'ಊಟ ಹಾಕಿದ ಮಾತ್ರಕ್ಕೆ ಯಾರೂ ಸಾಯೋದಿಲ್ಲ ಜಲಜಮ್ಮ, ಕಣ್ಣಾರೆ ಕಂಡವರು ಬೇಕು' ಅಂದ್ರು. ಅದಕ್ಕೇ ದೋಣಿ ಜಟ್ಟಿಂಗಪ್ಪನಿಗೆ ಬರೋಕೆ ಹೇಳಿದ್ದೀನಿ. ಅವನೇ ತಾನೇ ಎತ್ತಿದ್ದು...

ಎಂತ ಎತ್ತಿದ್ದು ಅಂದ್ರೆ? ...ಏನಿಲ್ಲ. ಮಾತಿಗೆ ಹೇಳಿದೆ.

ಕೈ ಬಿಡೇ, ನೋಯ್ತದೆ!

...ಎಮರ್ಜೆನ್ಸಿ ಮುಗಿದ ವರ್ಷ. ಆಷಾಢ. ಮಧ್ಯಾಹ್ನದ ಬಸ್ಸಿಗೆ ಬಂದಿದ್ಲು. ಹೊಟ್ಟೆ ಇಷ್ಟು ಮುಂದಿತ್ತು. ಅವನು ಬಿಟ್ಟುಹೋದನಂತೆ. ಬಾಗಿಲಲ್ಲಿ ನಿಂತು ಅವ್ವಾ, ಅವ್ವಾ ಅಂತ... ನಾನೆಂತ ಮಾಡ್ಲಿ ಹೇಳು? ಊರಿಗೆಲ್ಲ ಊಟ ಹಾಕಿ ಆಗಿದೆ! ಉಂಡವರು ಬಂದು ಕೇಳಿದ್ರೆ? ಒಳಗಿಂದ ಅಗುಳಿ ಹಾಕ್ದೆ. ಕಿಟಕಿಯಿಂದ ಕಾಣ್ತಿತ್ತು. ರಸ್ತೆಗೆ ಹೋಗಲಿಲ್ಲ ಅವಳು, ಹೊಳೆ ಕಡೆ ತಿರುಗಿದ್ಲು. ಕೂಗಬಹುದಿತ್ತು ಅಂತೀಯ? ಸತ್ತವರನ್ನ ಯಾರಾದ್ರೂ ಹೆಸರು ಹಿಡಿದು ಕೂಗ್ತಾರೇನೇ?

ಎರಡು ದಿನ ಬಿಟ್ಟು ಜಟ್ಟಿಂಗಪ್ಪನಿಗೆ ಸಿಕ್ಕಿತು. ಅವನ ಬಾಯಿ ಮುಚ್ಚಿಸಿದೆ. ಒಬ್ಬಳಿಗೇ ಎರಡು ಸಲ ಊಟ ಹಾಕೋಕೆ ಬರ್ತದಾ? ಹಾಗಾಗಿ ಯಾರಿಗೂ ಹೇಳಲಿಲ್ಲ. ನಿನಗೂ.

ಬೈಯಿ ಬೇಕಾದ್ರೆ... ವರದಾ?

ಗುತ್ತೀ, ಬಾ ಪುಟ್ಟಾ, ದೊಡ್ಡಮ್ಮನ ಹತ್ರ ಬಾ... ಅವಳಿಗೆ ಚಪ್ಪಲಿ ಎಂತಕ್ಕೆ ಹಾಕ್ತಿದ್ದೀಯ? ವಕೀಲರು ಕೈ ತೊಳೀತಿದ್ದಾರೆ, ನೀರಿನ ಸದ್ದು ಕೇಳ್ತಿಲ್ವಾ? ಎದ್ದು ಎಲ್ಲಿಗೆ ಹೊರಟೆ? ಕೂತ್ಕೊಳ್ಳೇ ವರದಾ! ಮಗಳು ಬದುಕಿಲ್ಲ ಅಂದಿದ್ದು ಸುಳ್ಳಲ್ಲ ಅಂತ ಈಗ ನಿನಗೇ ಗೊತ್ತಾಯ್ತಲ್ಲ... ಕಾನೂನಿನಲ್ಲಿ ಇನ್ನೆಂತ ಅಡ್ಡಿ ಇದೆ, ಹೇಳು?