ಯಾನ್ ಅತ್ತೆಯ ಕಷಾಯದ ಕುಡಿಕೆ

ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಗುಡ್ಡದ ದಾರಿಯೆಲ್ಲ ಕೆಸರಾಗಿ, ಪೇಟೆಗೆ ಹೊರಟಿದ್ದವರೂ ಅರ್ಧ ದಾರಿಯಿಂದ ವಾಪಸು ಬಂದಿದ್ದರು. ಕರೆಂಟು ಇಲ್ಲ, ಟೀವಿ ಇಲ್ಲ. ಅಕ್ಕಪಕ್ಕದವರೆಲ್ಲ ರಾನ್ ಅಜ್ಜಿಯ ಮನೆಯಲ್ಲಿ ಬೆಂಕಿಯ ಸುತ್ತ ಸೇರಿ ಮೆಕ್ಕೆಜೋಳದ ಕಾಳು ಬಿಡಿಸುತ್ತ ಕೂತರು. ಅಜ್ಜಿಯ ಮೊಮ್ಮಗನ ಹೊಸ ಹೆಂಡತಿ ವೆನ್‌ಚಿಂಗ್ ಬಯಲುಸೀಮೆಯ ಹುಡುಗಿ. ಬೆನ್ನಿಗೆ ಬಿದಿರಿನ ಬುಟ್ಟಿ ಏರಿಸಿಕೊಂಡು ಕೊಟ್ಟಿಗೆಯಿಂದ ತೆನೆ ತರಲು ಹೋದವಳು, ಸೂರಿನ ಕೆಳಗೆ ಯಾರ ಜೊತೆಗೋ ಎರಡು ಮಾತಾಡಿ, ನೆನೆದುಕೊಂಡು ಒಳಗೆ ಬಂದಳು. ಬುಟ್ಟಿ ಇಳಿಸುವಾಗ ಒಲೆಯ ಮೇಲಿನ ಹಲಗೆಯಲ್ಲಿದ್ದ ಮಣ್ಣಿನ ಕುಡಿಕೆ ಅವಳ ಕಣ್ಣಿಗೆ ಬಿತ್ತು. ಮಸಿ ಹಿಡಿದು ಕರ್ರಗಾಗಿತ್ತು.

"ಅಜ್ಜಿ, ಇದರಲ್ಲಿ ಒಂದೆರಡು ಬೆಳ್ಳುಳ್ಳಿ ನೆಡಲಾ?"

"ಮುಟ್ಟಬೇಡ. ಅದು ನಮ್ಮದಲ್ಲ."

"ಯಾರದ್ದು ಹೇಳಿ, ಮಳೆ ನಿಂತ ಮೇಲೆ ಕೊಟ್ಟು ಬರ್ತೀನಿ."

ಕಾಳು ಬಿಡಿಸುತ್ತಿದ್ದ ಕೈಗಳೆಲ್ಲ ನಿಂತವು. ಪಕ್ಕದ ಮನೆಯ ಬುಟ್ಟಿ ಹೆಣೆಯುವ ಮುದುಕ ನಕ್ಕು, ಮದುಮಗಳು ಬಂದು ತಿಂಗಳಾಗಿಲ್ಲ, ಆಗಲೇ ಊರವರನ್ನ ಕಾಯಿಲೆ ಬೀಳಿಸೋಕೆ ಹೊರಟಿದ್ದಾಳೆ ಎಂದು ರೇಗಿಸಿದ. ರಾನ್ ಅಜ್ಜಿ ನಗಲಿಲ್ಲ. ಎಪ್ಪತ್ತು ದಾಟಿದ ಅಜ್ಜಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದು, ಮಣೆಯ ಮೇಲೆ ಕೂತರೆ ಹತ್ತಿರ ಹೋದಾಗಲೇ ಕಾಣಿಸುವಷ್ಟು ಸಣ್ಣವಳಾಗಿದ್ದಳು. ಕೈಯಲ್ಲಿದ್ದ ತೆನೆ ಕೆಳಗಿಟ್ಟು ಶುರುಮಾಡಿದಳು.

"ನಿಮ್ಮ ಕಡೆ ಹೇಗೋ ಗೊತ್ತಿಲ್ಲ ಮಗಳೇ, ನಮ್ಮ ಗುಡ್ಡದಲ್ಲಿ ಕಷಾಯ ಕಾಯಿಸೋ ಕುಡಿಕೇನ ಯಾರ ಮನೆಯಿಂದಾದ್ರೂ ಇಸ್ಕೊಂಡು ಬರಬಹುದು, ವಾಪಸ್ ಕೊಡೋ ಹಾಗಿಲ್ಲ. ಕೊಟ್ರೆ ಕಾಯಿಲೇನೂ ಕೊಟ್ಟ ಹಾಗೆ. ಇನ್ನೊಬ್ಬರಿಗೆ ಬೇಕಾದ್ರೆ ಅವರು ಬಂದು ಒಯ್ತಾರೆ, ಇಲ್ಲಾಂದ್ರೆ ಒಡತೀನೇ ಬಂದು ಹೊಸ್ತಿಲ ಆಚೆ ನಿಂತು ಕೇಳ್ತಾಳೆ, ಕಾಯಿಲೆ ವಾಸಿ ಆಯ್ತಾ ಅಂತ. ಆಯ್ತು ಅಂದ್ರೆ ತಗೊಂಡು ಹೋಗ್ತಾಳೆ. ಇನ್ನೂ ಇಲ್ಲ ಅಂದ್ರೆ... ಬರಿಗೈಲಿ ಹೋಗಬೇಕು. ಕಾಯಿಲೆ ಮನೆಯಿಂದ ಕುಡಿಕೆ ಎತ್ತೋ ಹಾಗಿಲ್ಲ.

"ಈ ಕುಡಿಕೆ ಯಾನ್ ಅತ್ತೆದು. ನಂಟಸ್ತಿಕೆ ಏನಿಲ್ಲ, ಊರವರೆಲ್ಲ ಅವಳನ್ನ ಅತ್ತೆ ಅಂತಿದ್ರು. ಗಂಡ ಇಲ್ಲ, ಮಕ್ಕಳಿಲ್ಲ, ಆ ಬಿದಿರು ಮೆಳೆ ಹತ್ರ ಒಬ್ಬಳೇ ಇದ್ಲು. ನಮ್ಮವ್ವ ಮಿಂಗ್‌ಶು ಈ ಮನೆಗೆ ಸೊಸೆಯಾಗಿ ಬಂದಾಗ ಅವ್ವನ ಜೊತೆ ನಗುನಗುತ್ತ ಮಾತಾಡಿದೋಳು ಈ ಅತ್ತೆ ಒಬ್ಬಳೇ. ನಾನು ಹುಟ್ಟಿದ ಮೇಲಂತೂ ಕೇಳಬೇಡ... ಸೌದೆಗೆ ಹೋಗೋವಾಗೆಲ್ಲ ನನ್ನನ್ನ ತನ್ನ ಬೆನ್ನಿನ ಬುಟ್ಟೀಲಿ ಕೂರಿಸ್ಕೊಂಡು ಗುಡ್ಡ ಹತ್ತೋಳು. ಬರೋವಾಗ ಸೌದೆ ಕೈಲಿ, ನಾನು ಬುಟ್ಟೀಲಿ. ನಮ್ಮಪ್ಪನ ಅವ್ವಂಗೆ ಕೆಮ್ಮು ಹಿಡಿದಾಗ ಮಿಂಗ್‌ಶು ಹೋಗಿ ಈ ಕುಡಿಕೆ ಇಸ್ಕೊಂಡು ಬಂದ್ಲು. ಮುದುಕಿ ಉಳೀಲಿಲ್ಲ. ಕುಡಿಕೆ ಉಳೀತು.

"ಆ ವರ್ಷವೇ ಊರೂರಲ್ಲೂ ಉಕ್ಕು ಕಾಯಿಸಬೇಕು ಅಂತ ಸರ್ಕಾರದಿಂದ ಹುಕುಂ ಬಂತು. ಕಣದ ಹಿಂದೆ ಮಣ್ಣಿನ ಕುಲುಮೆ ಎದ್ದಿತು. ಮನೆಮನೆಯ ಕಬ್ಬಿಣದ ಬಾಣಲೆ, ಸೌಟು, ಬಾಗಿಲ ಚಿಲಕ, ಎಲ್ಲಾ ಅದರೊಳಗೆ. ನಮ್ಮಪ್ಪ ತ್ಯಾನ್‌ಲು ಕಬ್ಬಿಣ ಕೂಡಿಸೋ ಪಡೆ ಕಟ್ಕೊಂಡು ಓಡಾಡ್ತಿದ್ದ, ಮೊದಲು ತನ್ನ ಮನೆ ಬಾಣಲೇನೇ ಒಡೆದು ಹಾಕಿ ತೋರಿಸಿದ. ಇನ್ಮೇಲೆ ಯಾರೂ ಮನೇಲಿ ಒಲೆ ಹಚ್ಚೋದೇ ಬೇಡ, ಊರಿಗೆಲ್ಲ ಒಂದೇ ಆಗಿದ್ದ ಕಮ್ಯೂನಿನ ಅಡುಗೆಮನೇಲಿ ಹೊಟ್ಟೆ ಬಿರಿಯೋ ಹಾಗೆ ಉಣ್ಣಿ ಅಂದ್ರು. ಉಂಡ್ವಿ ಕೂಡ, ಸುಳ್ಳು ಯಾಕೆ ಹೇಳಲಿ? ಆ ಒಂದು ಸುಗ್ಗೀಲಿ ಚೆನ್ನಾಗೇ ಉಂಡ್ವಿ. ಕುಲುಮೆಯಿಂದ ಹೊರಗೆ ಬಂದಿದ್ದು ಮಾತ್ರ ಸಗಣಿ ಮುದ್ದೆ ಥರ ಒಂದು ಗಡ್ಡೆ. ಮಣ್ಣಿನ ಕುಡಿಕೇನ ಯಾರೂ ಕೇಳಲಿಲ್ಲ. ಮಣ್ಣು ಕರಗಿಸಿದ್ರೆ ಉಕ್ಕು ಬರುತ್ತಾ?

"ಆಮೇಲೆ ಗಂಜಿ ತೆಳ್ಳಗಾಯ್ತು. ಬಟ್ಟಲು ಬಗ್ಗಿ ನೋಡಿದ್ರೆ ನಮ್ಮ ಮುಖವೇ ಕಾಣ್ತಿತ್ತು... ಬೆಳೆದಿದ್ದಕ್ಕಿಂತ ಜಾಸ್ತಿ ಬೆಳೆದ್ವಿ ಅಂತ ಮೇಲಕ್ಕೆ ಹೇಳಿ ಕಳಿಸಿದ್ರಲ್ಲ, ಹೇಳಿದಷ್ಟೂ ಧಾನ್ಯ ಒಯ್ದುಬಿಟ್ರು. ಜನ ಊದ್ಕೊಂಡು ಸಾಯೋಕೆ ಶುರುವಾದ್ರು. ಹೊಲದಲ್ಲಿ ಉಳಿದ ಗೆಣಸಿನ ಬಳ್ಳಿ, ಮರದ ತೊಗಟೆ, ಏನಾದ್ರೂ ಬೇಯಿಸ್ಕೊಂಡು ತಿನ್ನೋಣ ಅಂದ್ರೆ ಪಾತ್ರೆ ಎಲ್ಲಿದೆ? ಪಾತ್ರೆ ಇದ್ರೂ ಹೊಗೆ ಎದ್ದ ಕೂಡಲೇ, ಮನೇಲಿ ಅಡುಗೆ ಮಾಡಕೂಡದು ಅಂತ ಕಾವಲಿನವರು ಬಂದುಬಿಡ್ತಿದ್ರು. ಮಿಂಗ್‌ಶು ಒಂದು ಉಪಾಯ ಕಂಡ್ಕೊಂಡ್ಲು. ಕುಡಿಕೇಲಿ ತೊಗಟೆ ಬೇಯಿಸೋವಾಗ ಮೇಲೊಂದು ಹಿಡಿ ಕಹಿಬೇರು ಹಾಕೋಳು. ಕಾವಲಿನವರು ಬಂದು ಮೂಸಿ ನೋಡಿದ್ರೆ ಕಷಾಯದ ವಾಸನೆ. ಮಗೂಗೆ ಜ್ವರ ಅನ್ನೋಳು. ಕಷಾಯ ಕಾಯಿಸಬೇಡಿ ಅಂತ ಯಾರೂ ಹೇಳಿರಲಿಲ್ಲವಲ್ಲ, ಬೈಕೊಂಡು ಹೋಗ್ತಿದ್ರು. ಆ ಚಳಿಗಾಲ ಪೂರ್ತಿ ನಾನು ತಿಂದಿದ್ದು ಅದೇ. ಈಗಲೂ ನನಗೆ ಕಹಿ ಅಂದ್ರೆ ಹೊಟ್ಟೆ ತುಂಬಿದ ಹಾಗೆ.

"ಇಂಥದ್ದೇ ಮಳೆ ಹಿಡಿದಿದ್ದ ಒಂದು ಸಂಜೆ ಯಾನ್ ಅತ್ತೆ ಬಂದ್ಲು. ಕಾಲು ಬಾತ್ಕೊಂಡಿತ್ತು, ಬೆನ್ನ ಮೇಲೆ ಖಾಲಿ ಬುಟ್ಟಿ. ಹೊಸ್ತಿಲ ಆಚೆ ನಿಂತ್ಕೊಂಡು, ಕಾಯಿಲೆ ವಾಸಿ ಆಯ್ತೇನಮ್ಮ ಅಂದ್ಲು. ಅವಳಿಗೂ ಒಂದಿಷ್ಟು ತೊಗಟೆ ಸಿಕ್ಕಿತ್ತು ಅನ್ಸುತ್ತೆ, ಬೇಯಿಸೋಕೆ ಪಾತ್ರೆ ಬೇಕಿತ್ತು. ಅವಳ ಪಾತ್ರೇನೇ. ಮಿಂಗ್‌ಶು ನನ್ನ ಕಡೆ ನೋಡಿದ್ಲು. ನಾನು ಕುಡಿಕೇನ ತೊಡೆ ಮೇಲಿಟ್ಕೊಂಡು ಬೆರಳಲ್ಲಿ ಒಳಗೆಲ್ಲ ಒರೆಸಿ ನೆಕ್ತಾ ಇದ್ದೆ. ಜ್ವರದ ಮಗು ಹಾಗೆ ನೆಕ್ಕುತ್ತಾ?

"'ಇನ್ನೂ ಇಲ್ಲ ಅತ್ತೆ' ಅಂದ್ಲು ನಮ್ಮವ್ವ.

"ಯಾನ್ ಅತ್ತೆ ನನ್ನ ನೋಡಿದ್ಲು, ಅವ್ವನ ನೋಡಿದ್ಲು. ಅವಳಿಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ರಾ? 'ಹಾಗಾದ್ರೆ ಇರಲಿ ಬಿಡಮ್ಮ. ವಾಸಿ ಆದ ಮೇಲೆ ಬರ್ತೀನಿ. ಮಗೂನ ಗುಡ್ಡಕ್ಕೆ ಕರ್ಕೊಂಡು ಹೋಗಿ ಬಹಳ ದಿನ ಆಯ್ತು' ಅಂದ್ಲು. ಅಷ್ಟೇ. ಆ ವಾರ ಕಳೆಯೋದರೊಳಗೆ ತೀರಿಕೊಂಡ್ಲು. ಹೆಣದ ಪೆಟ್ಟಿಗೆಗೆ ಹಲಗೆ ಎಲ್ಲಿಂದ ಬರಬೇಕು, ಚಾಪೇಲಿ ಸುತ್ತಿ ಹೂತರು. ಚಾಪೆ ಕಟ್ಟಿದೋಳು ಮಿಂಗ್‌ಶುನೇ.

"ಅದಾದ ಮೇಲೆ ಬಂದ ಮೊದಲ ಮಳೆ ಸಂಜೆ... ಹೊಸ್ತಿಲ ಆಚೆ ಅದೇ ದನಿ. ಕಾಯಿಲೆ ವಾಸಿ ಆಯ್ತೇನಮ್ಮ? ಚಾಪೆ ಗಂಟು ಹಾಕಿದ ಕೈಯಲ್ಲೇ ಅವ್ವ ಬಾಗಿಲು ಹಿಡ್ಕೊಂಡ್ಲು. ನಾನಿನ್ನೂ ಎದ್ದು ಓಡಾಡೋ ಹಾಗಿರಲಿಲ್ಲ. ಕುಡಿಕೆ ಹೋದ್ರೆ ನಾನೂ ಹೋಗ್ತಿದ್ದೆ. ಮತ್ತೆ ಏನು ಹೇಳಿಯಾಳು? ಇನ್ನೂ ಇಲ್ಲ ಅತ್ತೆ ಅಂದ್ಲು. ಆಚೆ ಯಾರೋ ಬುಟ್ಟಿಯ ಪಟ್ಟಿ ಭುಜದ ಮೇಲೆ ಸರಿಮಾಡ್ಕೊಂಡು ಹೋದ ಸದ್ದಾಯ್ತು.

"ಬರಗಾಲ ಹೋಯ್ತು. ಬಾಣಲೆ ಬಂತು, ಮನೇಲಿ ಒಲೆ ಹಚ್ಚಿದ್ವಿ. ಆಗಲಾದ್ರೂ ವಾಸಿ ಆಯ್ತು ಅನ್ನಬಹುದಿತ್ತಲ್ಲ? ಬಾಯಿ ಬರಲಿಲ್ಲ. ಆಯ್ತು ಅಂದ್ರೆ ಕುಡಿಕೇನ ಕೈಯಾರೆ ಅವಳಿಗೆ ಕೊಡಬೇಕು, ಮುಖ ನೋಡಬೇಕು. ಅವ್ವಂಗೆ ಆ ನಾಚಿಕೆ ಸಾವಿಗಿಂತ ದೊಡ್ಡದು. ಅಪ್ಪನಿಗೆ ರೇಗಿಹೋಯ್ತು. ದೆವ್ವನೂ ಇಲ್ಲ, ಹಳೇ ಶಾಸ್ತ್ರನೂ ಇಲ್ಲ, ಎಲ್ಲಾ ಗುಡಿಸಿ ಹಾಕಿದ್ದೀವಿ ಅಂತ ಕೂಗಾಡಿ, ಕುಡಿಕೆ ತಗೊಂಡು ಹೋಗಿ ಅತ್ತೆಯ ಪಾಳುಮನೆ ಒಲೆ ಮೇಲೆ ಇಟ್ಟು ಬಂದ. ವಾಪಸ್ ಕೊಟ್ಟ... ಅರ್ಥ ಆಯ್ತಾ? ಬೆಳಗ್ಗೆ ಎದ್ದು ನೋಡಿದ್ರೆ ಕುಡಿಕೆ ಇದೇ ಹಲಗೆ ಮೇಲಿತ್ತು, ತಳಕ್ಕೆ ಹಸಿ ಮಣ್ಣು. ಅವಳೂ ವಾಪಸ್ ಕೊಟ್ಟಿದ್ಲು. ಅಪ್ಪ ಆವತ್ತು ಮಲಗಿದೋನು ಏಳಲಿಲ್ಲ. ಒಳ್ಳೆಯೋನೇ ಪಾಪ, ಸ್ವಲ್ಪ ಹಟಮಾರಿ.

"ಅವ್ವ ಇರೋವರೆಗೂ ಅವ್ವ ಉತ್ತರ ಕೊಟ್ಲು. ಆಮೇಲೆ ನಾನು. ಪ್ರತಿ ವರ್ಷ ಈ ಮಳೇಲಿ ಒಂದು ಸಲ. ಸಾಯೋ ಮುಂಚೆ ಅವ್ವ ಹೇಳಿದ್ಲು, ಕುಡಿಕೆ ಒಯ್ಯೋಳು ಅದರಲ್ಲಿ ಬೇಯಿಸಿದ್ದನ್ನೂ ಬಿಟ್ಟು ಹೋಗಲ್ಲ ಕಣೇ, ಅಂತ. ಆ ಚಳಿಗಾಲ ಅದರಲ್ಲಿ ಬೇಯಿಸಿದ್ದೆಲ್ಲ ಎಲ್ಲಿದೆ? ಇಗೋ, ಈ ಮೈಯೊಳಗೆ. ಅದಕ್ಕೇ ನಾನೂ ಅಷ್ಟೇ ಅಂತೀನಿ... ಇನ್ನೂ ಇಲ್ಲ ಅತ್ತೆ."

ಅಜ್ಜಿ ತೆನೆ ಎತ್ತಿಕೊಂಡು ಮತ್ತೆ ಕಾಳು ಬಿಡಿಸತೊಡಗಿದಳು. ಬುಟ್ಟಿ ಹೆಣೆಯುವ ಮುದುಕ, ಈ ವರ್ಷ ಇನ್ನೂ ಬಂದಿಲ್ಲವೇ ಎಂದು ಕೇಳಿದ. ಇವತ್ತು ನಾಳೆ ಬರಬೇಕು ಎಂದಳು ಅಜ್ಜಿ, ಹಾಲಿನವಳ ವಿಷಯ ಹೇಳುವ ಹಾಗೆ.

ವೆನ್‌ಚಿಂಗ್ ಎಷ್ಟೋ ಹೊತ್ತಿನಿಂದ ಒಂದೇ ತೆನೆ ಹಿಡಿದು ಕೂತಿದ್ದಳು.

"ಅಜ್ಜಿ, ಆಗಲೇ ಸೂರಿನ ಕೆಳಗೆ ಒಬ್ಬರು ವಯಸ್ಸಾದ ಹೆಂಗಸು ನಿಂತಿದ್ರು. ಮನೇಲಿ ಕಾಯಿಲೆ ವಾಸಿ ಆಯ್ತೇನಮ್ಮ ಅಂತ ಕೇಳಿದ್ರು. ನಿಮ್ಮ ಮಂಡಿನೋವಿನ ಬಗ್ಗೆ ಕೇಳ್ತಿದ್ದಾರೆ ಅಂದ್ಕೊಂಡೆ. ವಾಸಿ ಆಯ್ತು, ಎಲ್ಲರೂ ಚೆನ್ನಾಗಿದ್ದಾರೆ ಅಂದುಬಿಟ್ಟೆ."

ಬೆಂಕಿಯಲ್ಲಿ ಹಸಿ ಸೌದೆ ಚಿಟಿಚಿಟಿ ಎನ್ನುತ್ತಿತ್ತು.

"ಒಳಗೆ ಬಂದ್ಲಾ?" ಎಂದಳು ಅಜ್ಜಿ.

"ಇಲ್ಲ. ಮನೆಗೆ ಹೋಗಿ ಬುಟ್ಟಿ ತರ್ತೀನಿ, ಮಗೂನ ಎಬ್ಬಿಸಿಟ್ಟಿರು ಅಂದ್ರು. ನಮ್ಮನೇಲಿ ಮಗು ಇಲ್ವಲ್ಲ ಅನ್ನೋಣ ಅಂತ ತಿರುಗಿದೆ, ಅಷ್ಟರಲ್ಲಿ ಹೋಗಿಬಿಟ್ಟಿದ್ರು."

ಅಜ್ಜಿ ಮಡಿಲಿನ ಕಾಳನ್ನೆಲ್ಲ ಮೊರಕ್ಕೆ ಸುರಿದು ಅಂಗಿಯನ್ನು ಕೊಡವಿಕೊಂಡಳು. ಕುಡಿಕೆ ಕೆಳಗಿಳಿಸಿ ತೊಳೆದು ಹೊಸ್ತಿಲ ಹತ್ತಿರ ಇಡಲು ಹೇಳಿದಳು. ವೆನ್‌ಚಿಂಗ್ ಅಳುತ್ತ ಎದ್ದಾಗ, ನಿನ್ನದೇನೂ ತಪ್ಪಿಲ್ಲ, ಇಷ್ಟು ವರ್ಷಕ್ಕೆ ಒಬ್ಬಳಾದರೂ ನಿಜ ಹೇಳಿದಳಲ್ಲ ಎಂದು ಬೆನ್ನು ತಟ್ಟಿದಳು. ಆಮೇಲೆ ಮೂಲೆಯಲ್ಲಿ ನೀರು ಸೋರುತ್ತಿದ್ದ ಬಿದಿರಿನ ಬುಟ್ಟಿಯ ಬಾಯನ್ನು ಒಂದು ಸಲ, ತನ್ನ ಮಂಡಿಗಳನ್ನು ಒಂದು ಸಲ ನೋಡಿದಳು.

"ನಡುವೆ ಒಂದಷ್ಟು ವರ್ಷ ದೊಡ್ಡೋಳಾಗಿದ್ದೆ. ಈಗ ಮತ್ತೆ ಅತ್ತೆ ಬುಟ್ಟೀಲಿ ಹಿಡಿಸ್ತೀನಿ ಅನ್ಸುತ್ತೆ."