ಶೆರಿಫ್‌ನ ಡೈರಿ

ನೆದರ್‌ಲ್ಯಾಂಡ್ಸ್‌ನ ಬೆಸ್ಟ್ ಎಂಬ ಊರಿನಲ್ಲಿ ಮಧ್ಯಾಹ್ನದಿಂದ ಮಳೆ ಬಿಟ್ಟಿರಲಿಲ್ಲ. ಈ ಚಳಿಗಾಲವೂ ಲಾಕ್‌ಡೌನ್ ಬರುತ್ತದಂತೆ, ಅಷ್ಟರೊಳಗೆ ಒಮ್ಮೆ ಸೇರೋಣವೆಂದು ನಾವು ನಾಲ್ವರು ಗೆಳೆಯರು ಕಿಶನ್ ಮನೆಗೆ ಹೋಗಿದ್ದೆವು. ಅವನ ಹೆಂಡತಿ ಅಮೂಲ್ಯಾ ಒಳಗೆ ಬೋಂಡಾ ಕರಿಯುತ್ತಿದ್ದಳು. ಬೇಸಿಗೆಗೆ, ಒಳಗೇ ಮಲಗಬಹುದಾದ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಸುತ್ತೋಣವೇ ಎಂದು ಯಾರೋ ಕೇಳಿದರು. ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದ ಅಮೂಲ್ಯಾಳ ತಂದೆ, ಮೈಸೂರಿನ ಗೋವಿಂದರಾಜು, ತಲೆಯೆತ್ತಿದರು.

"ಸುತ್ತಿ, ಬೇಡ ಅನ್ನಲ್ಲ. ಆದರೆ ಸಿಕ್ಕಸಿಕ್ಕವರನ್ನೆಲ್ಲ ಬಾಯಿಮಾತಿಗೆ ಮನೆಗೆ ಕರೀಬೇಡಿ... ಯಾಕೆ ಅಂತ ಹೇಳ್ತೀನಿ, ಹತ್ತಿರ ಬನ್ನಿ.

"ಹೋದ ವರ್ಷ ನಾನು, ನಮ್ಮವಳು ಸರಳಾ, ಎರಡು ತಿಂಗಳಿಗೆ ಅಂತ ಬಂದು, ವಿಮಾನ ನಿಂತು, ಇಲ್ಲೇ ಸಿಕ್ಕಿಹಾಕ್ಕೊಂಡ್ವಿ. ಮೇ ತಿಂಗಳಲ್ಲಿ ಊರಲ್ಲಿ ಅವಳ ಅಕ್ಕ ಪದ್ಮಿನಿ ಕೊರೊನಾ ಬಂದು ಆಸ್ಪತ್ರೆಯಲ್ಲಿ ತೀರಿಹೋದ್ರು. ಬಾಯಿಗೆ ನೀರು ಬಿಡೋಕೆ ಒಬ್ಬರೂ ಇರಲಿಲ್ಲ. ಅವತ್ತಿಂದ ಇವಳಿಗೆ ಅದೇ ಭಯ. 'ನನಗೂ ಹಂಗೇ ಆಗುತ್ತೇನ್ರೀ?' ಅಂತ.

"ಮನಸ್ಸಿಗೆ ಬದಲಾವಣೆ ಆಗ್ಲಿ ಅಂತ ಜುಲೈನಲ್ಲಿ ಅಳಿಯ ಕ್ಯಾಂಪರ್ ತಂದು, ಉತ್ತರದ ಕಡೆ ಕಾಡಂಚಲ್ಲಿ ಯಾರೋ ಹುಚ್ಚರು ಸಿನಿಮಾದಲ್ಲಿರೋ ಥರ ಕಟ್ಟಿದ್ದ ಕೌಬಾಯ್ ಊರಿಗೆ ಕರ್ಕೊಂಡು ಹೋದ. ಮರದ ಸಲೂನು, ಬ್ಯಾಂಕು, ಜೈಲು, ಕುದುರೆ ಕಟ್ಟೋ ಕಂಬ... ನರಪಿಳ್ಳೆ ಇಲ್ಲ. ಕಿಶನ್ ಗಾಡಿ ನಿಲ್ಲಿಸೋಕೆ ಹೋದ. ಶೆರಿಫ್ ಆಫೀಸಿನ ಜಗಲಿ ಮೇಲೆ ಮಾತ್ರ ಒಬ್ಬರು ಮುದುಕರು, ದೊಡ್ಡ ಹ್ಯಾಟು, ಎದೆ ಮೇಲೆ ತಗಡಿನ ನಕ್ಷತ್ರ. ಇಂಗ್ಲಿಷಲ್ಲಿ ಮಾತಾಡಿಸಿದರು. ಸರಳಾ ಅವರ ಮುಂದೆ ಅಕ್ಕನ ಕತೆಯೆಲ್ಲ ಹೇಳಿ ಅತ್ತಳು, ನಾನು ತರ್ಜುಮೆ ಮಾಡ್ತಾ ಕೂತೆ.

"ಹೊರಡುವಾಗ ನಾನು ಸುಮ್ಮನಿರಬಾರದಾ? 'ಒಂದ್ಸಲ ಮನೆಗೆ ಬನ್ನಿ' ಅಂದೆ. ನಮ್ಮ ಕಡೆ ಬಸ್ ಕಂಡಕ್ಟರಿಗೂ ಹಂಗೆ ಹೇಳ್ತೀವಿ, ಬರ್ತಾರೆ ಅಂತಲಾ ಹೇಳೋದು? ಆದರೆ ಇದು ಡಚ್ಚರ ದೇಶ ಕಣ್ರಯ್ಯ, ಹೆತ್ತ ಮಗನೂ ಮೊದಲೇ ದಿನ ಗೊತ್ತು ಮಾಡ್ಕೊಂಡೇ ಮನೆಗೆ ಬರೋದು! ಅವರು ಜೇಬಿನಿಂದ ಡೈರಿ ತೆಗೆದು 'ಯಾವತ್ತು, ಎಷ್ಟು ಗಂಟೆಗೆ?' ಅಂದರು. ನಾನು ಅದನ್ನ ಸರಳಾಗೆ ಕನ್ನಡದಲ್ಲಿ ಹೇಳಿದೆ. ಸರಳಾನೇ ಹೇಳಿದಳು, 'ನಾನು ಒಬ್ಬಳೇ ಇರುವಾಗ ಬರೋಕೆ ಹೇಳ್ರೀ.' ನಗ್ತಾ ಅದನ್ನೂ ಹೇಳಿದೆ. ಅವರು ನಗಲಿಲ್ಲ. ಪುಟ ಹುಡುಕಿ, ಏನೋ ಬರ್ಕೊಂಡ್ರು.

"ಆಮೇಲೆ ಕ್ಯಾಂಪಿಂಗ್ ಜಾಗದ ಹೆಂಗಸಿಗೆ ಹೇಳಿದರೆ ಅವಳ ಮುಖ ಬಿಳುಚಿಕೊಳ್ತು. ಆ ಊರಿಗೆ ಮಾರ್ಚಿಂದ ಬೀಗವಂತೆ. ಶೆರಿಫ್ ವೇಷ ಹಾಕ್ತಿದ್ದವರು ಏಪ್ರಿಲ್‌ನಲ್ಲೇ ತೀರಿಕೊಂಡರಂತೆ... ಒಬ್ಬರೇ.

"ಜನವರಿಯಲ್ಲಿ ಸರಳಾಗೆ ಕೊರೊನಾ ಬಂತು. ಆಸ್ಪತ್ರೆಯೊಳಗೆ ನಮ್ಮನ್ನ ಬಿಡಲಿಲ್ಲ. ಗುರುವಾರ ಸಂಜೆ ನಾಲ್ಕೂವರೆಗೆ ನರ್ಸ್ ಫೋನ್ ಮಾಡಿದಳು, ಹೋದರು ಅಂತ. ನಾನು ಮಗು ಹಂಗೆ ಅತ್ತೆ. ಆಗ ಅವಳು ಅಂದಳು, 'ಒಬ್ಬರೇ ಇರಲಿಲ್ಲ, ಸಮಾಧಾನ ಮಾಡ್ಕೊಳ್ಳಿ. ಹ್ಯಾಟು ಹಾಕಿದ್ದ ನಿಮ್ಮ ಸ್ನೇಹಿತರು ನಾಲ್ಕು ಗಂಟೆಗೆ ಸರಿಯಾಗಿ ಬಂದರಲ್ಲ. ಯಾರನ್ನೂ ಬಿಡಬಾರದು, ಆದರೆ ಅಪಾಯಿಂಟ್‌ಮೆಂಟ್ ಇದೆ ಅಂತ ಡೈರಿ ತೋರಿಸಿದರು. ಚಮಚದಲ್ಲಿ ಬಾಯಿಗೆ ನೀರು ಬಿಟ್ಟು, ಕೈ ಹಿಡ್ಕೊಂಡು ಕೂತಿದ್ದರು.'

"ಹೆದರಬೇಕೋ, ಕೈ ಮುಗೀಬೇಕೋ... ನಾನು ಕೈ ಮುಗಿದೆ."

ಅಡುಗೆಮನೆಯ ಕಡೆ ನೋಡಿ ಅವರು ದನಿ ತಗ್ಗಿಸಿದರು.

"ಅಮೂಲ್ಯಾಗೆ ಹೇಳಬೇಡಿ. ಮೊನ್ನೆ ಗುರುವಾರ ಕಾಲುವೆ ದಂಡೆ ಬೆಂಚಿನ ಮೇಲೆ ಕೂತಿದ್ದೆ. ಆ ಹ್ಯಾಟಿನವರು ಪಕ್ಕಕ್ಕೆ ಬಂದು ಕೂತರು. 'ಗೋವಿಂದರಾಜು, ನಿಮಗೆ ಯಾವತ್ತು ಅನುಕೂಲ?' ಅಂದರು. 'ಈ ವಾರ ಆಗಲ್ಲಪ್ಪ, ಮಗಳ ಮನೆಗೆ ನೆಂಟರು ಬರ್ತಾರೆ' ಅಂದೆ. ನಿಮ್ಮನ್ನೇ ಹೇಳಿದ್ದು. ಅವರೇನೂ ಬೇಜಾರು ಮಾಡ್ಕೊಳ್ಳಲಿಲ್ಲ... ಪುಟ ತಿರುಗಿಸಿ ಮುಂದಿನ ವಾರಕ್ಕೆ ಬರ್ಕೊಂಡ್ರು."