ಅಕ್ಕ ಓದಿದ ಕೊನೆ

ಮ್ಯಾಟ್ನಿ ಬಿಟ್ಟಿತ್ತು. ಟಾಕೀಸಿನ ಎದುರಿನ ಬಸ್‌ಸ್ಟಾಪಿನಲ್ಲಿ, ಹೊಲಿಗೆ ಅಂಗಡಿಯ ಕೆಲಸ ಮುಗಿಸಿ, ತೂಕಡಿಸುವ ಮಗಳನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದ ಹೆಂಗಸೊಬ್ಬಳ ಪಕ್ಕಕ್ಕೆ ತಲೆ ನರೆತ ಅಕ್ಕತಂಗಿಯರಿಬ್ಬರು ಬಂದು ಕೂತರು. ಅಕ್ಕನ ಮುಖ ಸಿಡಿಮಿಡಿ ಎನ್ನುತ್ತಿತ್ತು.

“ಅಂಥಾ ಕಾದಂಬರೀನ ಸಿನಿಮಾ ಮಾಡಿ ಹಾಳು ಮಾಡಿಬಿಟ್ರು ಕಣೇ! ಬಾವಿಗೆ ಹಾರಿದ ತಾಯಿ ಒಂದು ಕೂದಲೂ ಒದ್ದೆಯಾಗದೆ ಮನೆಗೆ ಬರ್ತಾಳಂತೆ.”

“ನೀನು ಓದಿ ಹೇಳಿದಾಗಲೂ ಬಂದಿದ್ಲಲ್ಲ ಅಕ್ಕಾ.”

“ನಾನಾ?”

“ಹೂಂ. ಚಿಕ್ಕವರಿದ್ದಾಗ ಇಬ್ರೂ ಒಂದೇ ಕಂಬಳಿ ಹೊದ್ದು ಮಲಗ್ತಿದ್ವಲ್ಲ, ಆಗ.”

ಅಕ್ಕ ದನಿ ತಗ್ಗಿಸಿದಳು. “ನಮ್ಮಮ್ಮ ಹೋಗಿ ಇನ್ನೂ ತಿಂಗಳೂ ಆಗಿರಲಿಲ್ಲ. ಬಾವಿಯಿಂದ ಹೆಣ ಎತ್ತೋದನ್ನ ನಿನಗೆ ಹೇಗೆ ಓದಲಿ? ಬಾಯಿಗೆ ಬಂದದ್ದು ಕಟ್ಟಿ ಹೇಳಿದೆ.”

“ಗೊತ್ತು. ಹೊಟ್ಟೆನೋವು ಅಂತ ಸ್ಕೂಲಿಗೆ ಚಕ್ಕರ್ ಹೊಡೆದು ನಾನೇ ಓದ್ಕೊಂಡಿದ್ದೆ.”

“ಅಯ್ಯೋ ಕಳ್ಳಿ! ಆಮೇಲೂ ಕೊನೆ ಓದು, ಕೊನೆ ಓದು ಅಂತ ದಿನಾ ನನ್ನ ಪ್ರಾಣ ತಿಂದೆಯಲ್ಲ, ಯಾಕೆ?”

“ನಾನು ಓದಿದ್ರೆ ಅವಳು ಬರ್ತಿರಲಿಲ್ಲ. ನೀನು ಓದಿದ್ರೆ ಬರ್ತಿದ್ಲು.”

ಬಸ್ಸು ಬಂತು. “ಮೆಟ್ಟಿಲು ಎತ್ತರ ಇದೆ, ಜೋಪಾನ” ಎಂದು ಅಕ್ಕ ತಂಗಿಯ ಕೈ ಹಿಡಿದಳು. ಹತ್ತುತ್ತ, ಯಾರಿಗೂ ಕೇಳಿಸಬಾರದು ಎಂಬಂತೆ ಕೇಳಿದಳು:

“ಏನು ಹಾಕ್ಕೊಂಡು ಬರ್ತಿದ್ಲು ಅಂತ ಓದಿದ್ದೆ, ನೆನಪಿದ್ಯಾ?”

“ನಮ್ಮಮ್ಮನ ನೀಲಿ ಸ್ವೆಟರು. ಮೊಣಕೈ ಹತ್ರ ತೇಪೆ ಹಾಕಿದ್ದು.”